ಬಾಕಿ ಕೇಳಲು ಬರುವ ದೆವ್ವಗಳು

ಪ್ರೀತಿಯ ಚಿಕ್ಕಮ್ಮ,

ಮಂಡಿನೋವು ಈಗ ಎಷ್ಟೋ ವಾಸಿ ಅಂತ ಅಮ್ಮ ಹೇಳಿದಳು, ಸಮಾಧಾನವಾಯಿತು. ಮೊನ್ನೆ ಫೋನಿನಲ್ಲಿ ನೀನು ನಗುತ್ತಾ ಕೇಳಿದೆಯಲ್ಲ, "ರೈಲು ಓಡಿಸಿದ, ತಂತಿ ಎಳೆದ ವಿಕ್ಟೋರಿಯಾ ರಾಣಿ ಕಾಲದ ಜನ ಕೂತು ದೆವ್ವದ ಕಥೆ ಯಾಕೆ ಬರೆದರೇ? ಅವರಿಗೇನು ಬೇರೆ ಕೆಲಸ ಇರಲಿಲ್ಲವಾ?" ಅಂತ. ಅದಕ್ಕೇ ಈ ಕಾಗದ. ಸರ್ವೀಸು ಪೂರ್ತಿ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ರಯಪತ್ರ, ವಿಲ್ಲು, ವಿಭಾಗಪತ್ರಗಳ ನಡುವೆ ಕಳೆದ ನಿನಗೆ ಆ ದೆವ್ವಗಳು ನನಗಿಂತ ಬೇಗ ಅರ್ಥವಾಗುತ್ತವೆ. ಅವುಗಳಲ್ಲಿ ಬಹಳಷ್ಟು ಬರುವುದು ಹೆದರಿಸುವುದಕ್ಕಲ್ಲ, ಬಾಕಿ ಕೇಳುವುದಕ್ಕೆ.

1843ರಲ್ಲಿ ಡಿಕನ್ಸ್ ಬರೆದ ಕ್ರಿಸ್‌ಮಸ್ ಕಥೆಯಲ್ಲಿ ಮಾರ್ಲಿ ಎಂಬ ಸತ್ತ ಸಾಹುಕಾರ ಸರಪಳಿ ಎಳೆದುಕೊಂಡು ಬರುತ್ತಾನೆ. ಆ ಸರಪಳಿಯಲ್ಲಿ ಏನಿದೆ ಗೊತ್ತಾ? ಹಣದ ಪೆಟ್ಟಿಗೆ, ಬೀಗ, ಬೀಗದಕೈ, ಲೆಕ್ಕದ ಪುಸ್ತಕ, ಆಸ್ತಿಪತ್ರ! ನಿಮ್ಮ ಆಫೀಸಿನ ರೆಕಾರ್ಡ್ ರೂಮನ್ನೇ ಸೊಂಟಕ್ಕೆ ಕಟ್ಟಿಕೊಂಡ ಹಾಗೆ. ಆಮೇಲೆ ಪ್ರತಿ ಚಳಿಗಾಲ ಪತ್ರಿಕೆಗಳ ಕ್ರಿಸ್‌ಮಸ್ ಸಂಚಿಕೆಗೆ ದೆವ್ವದ ಕಥೆ ಬೇಕೇ ಬೇಕು ಅನ್ನುವಂತಾಯಿತು. 1861ರಲ್ಲಿ ಕಾಗದದ ಮೇಲಿನ ಸುಂಕ ಹೋದಮೇಲಂತೂ ಅಗ್ಗದ ಪತ್ರಿಕೆಗಳು ಇನ್ನಷ್ಟು ಹುಟ್ಟಿಕೊಂಡವು. ಬರೆದವರಲ್ಲಿ ಹೆಂಗಸರು ತುಂಬಾ ಜನ. ನಾನು ಹೇಳಬೇಕಿರುವುದು ಅವರಲ್ಲಿ ಇಬ್ಬರ ವಿಷಯ.

ಮೊದಲನೆಯವಳು ಎಲಿಜಬೆತ್ ಗ್ಯಾಸ್ಕೆಲ್. 1852ರಲ್ಲಿ ಡಿಕನ್ಸನ ಪತ್ರಿಕೆಗೆ "ದಿ ಓಲ್ಡ್ ನರ್ಸಸ್ ಸ್ಟೋರಿ" ಬರೆದಳು. ಅಪ್ಪ ಅಮ್ಮ ಇಲ್ಲದ ಪುಟ್ಟ ರೋಸಮಂಡ್‌ಳನ್ನು ಕರೆದುಕೊಂಡು ದಾದಿ ಹೆಸ್ಟರ್ ನಾರ್ತಂಬರ್‌ಲ್ಯಾಂಡಿನ ಒಂದು ದೊಡ್ಡಮನೆಗೆ ಬರುತ್ತಾಳೆ. ಅಲ್ಲಿ ಗ್ರೇಸ್ ಎಂಬ ಮುದುಕಿ ಇದ್ದಾಳೆ. ಚಳಿಗಾಲದ ಬಿರುಗಾಳಿಯ ರಾತ್ರಿ ಹಜಾರದ ಆರ್ಗನ್ ನುಡಿಯುತ್ತದೆ. ತೆರೆದು ನೋಡಿದರೆ ಒಳಗೆಲ್ಲ ಮುರಿದುಬಿದ್ದಿದೆ. ಒಂದು ದಿನ ರೋಸಮಂಡ್ ಹಿಮದಲ್ಲಿ ಕಳೆದುಹೋಗುತ್ತಾಳೆ. ಕುರುಬನೊಬ್ಬ ಅವಳನ್ನು ಎತ್ತಿ ತರುತ್ತಾನೆ. "ಇನ್ನೊಂದು ಹುಡುಗಿ ನನ್ನ ಕೈಹಿಡಿದು ಕರೆದುಕೊಂಡು ಹೋದಳು" ಅನ್ನುತ್ತದೆ ಮಗು. ಹಿಮದ ಮೇಲಿರುವುದು ಮಾತ್ರ ಒಬ್ಬಳದೇ ಹೆಜ್ಜೆ.

ಹಿಂದೆ ನಡೆದದ್ದಿಷ್ಟು: ಗ್ರೇಸ್ ಮತ್ತು ಅವಳ ಅಕ್ಕ ಮಾಡ್ ಇಬ್ಬರೂ ಒಬ್ಬ ವಿದೇಶಿ ಸಂಗೀತಗಾರನಿಗೆ ಮನಸೋತಿದ್ದರು. ಅಕ್ಕ ಅವನನ್ನು ಗುಟ್ಟಾಗಿ ಮದುವೆಯಾಗಿ ಮಗಳನ್ನು ಹೆತ್ತಳು. ತಂಗಿ ಹೊಟ್ಟೆಕಿಚ್ಚಿಗೆ ಅಪ್ಪನ ಕಿವಿಗೆ ಹಾಕಿದಳು. ಅಪ್ಪ ಊರುಗೋಲಿನಿಂದ ಮಗುವಿಗೆ ಹೊಡೆದು ತಾಯಿ ಮಗಳಿಬ್ಬರನ್ನೂ ಹಿಮದ ರಾತ್ರಿಯಲ್ಲಿ ಆಚೆಗೆ ದೂಡಿದ. ಮಗು ಸತ್ತಿತು, ತಾಯಿಗೆ ಬುದ್ಧಿಭ್ರಮಣೆಯಾಯಿತು. ಕೇಸಿಲ್ಲ, ಕೋರ್ಟಿಲ್ಲ. ಮನೆ ಯಜಮಾನ ತನ್ನ ಮನೆಯೊಳಗೆ ಮಾಡಿದ್ದನ್ನು ಯಾರು ಕೇಳುತ್ತಾರೆ?

ಕೊನೆಗೆ ಒಂದು ರಾತ್ರಿ ಆ ಘಟನೆ ಎಲ್ಲರೆದುರು ಮತ್ತೆ ನಡೆಯುತ್ತದೆ. ಅಪ್ಪ, ಮಾಡ್, ಮಗು. ಮುದುಕಿ ಗ್ರೇಸ್ "ಮಗುವನ್ನು ಬಿಡು" ಅಂತ ಅಪ್ಪನ ಬಳಿ ಅಂಗಲಾಚುತ್ತಾಳೆ. ಆಗ ನಾಲ್ಕನೆಯ ಆಕೃತಿ ಕಾಣಿಸುತ್ತದೆ ಚಿಕ್ಕಮ್ಮ. ಅದು ಹರೆಯದ ಗ್ರೇಸ್‌ಳೇ, ದ್ವೇಷ ತುಂಬಿದ ಮುಖದಲ್ಲಿ ನೋಡುತ್ತಾ ನಿಂತಿದ್ದಾಳೆ. ಸತ್ತವರು ದೆವ್ವವಾಗುವುದು ಹಳೆಯ ಮಾತು. ಬದುಕಿರುವ ಹೆಂಗಸಿನೆದುರು ಅವಳ ಯೌವನವೇ ದೆವ್ವವಾಗಿ ಬಂದು ನಿಲ್ಲುವುದನ್ನು ನಾನಂತೂ ಮೊದಲು ಓದಿರಲಿಲ್ಲ.

ಡಿಕನ್ಸನಿಗೆ ಕಥೆ ಹಿಡಿಸಿತು, ಕೊನೆ ಹಿಡಿಸಲಿಲ್ಲ. ಆಕೃತಿಗಳು ಮಗುವಿಗೆ ಮಾತ್ರ ಕಾಣಲಿ ಅಂತ ಒತ್ತಾಯಿಸಿದ. ಗ್ಯಾಸ್ಕೆಲ್ ಬಗ್ಗಲಿಲ್ಲ. ನನಗೆ ಅವಳೇ ಸರಿ ಅನ್ನಿಸುತ್ತದೆ. ಮಗುವೊಂದೇ ಕಂಡರೆ ಅದು ಮಗುವಿನ ಭ್ರಮೆ, ಜ್ವರ, ಹೆದರಿಕೆ ಅಂತ ತಳ್ಳಿಹಾಕಬಹುದು. ಮನೆಮಂದಿಯೆಲ್ಲ ಕಂಡರೆ ಅದು ಸಾಕ್ಷಿ. ಕೋರ್ಟಿಗೆ ಹೋಗಲಾರದ ತಾಯಿಗೆ ಅಷ್ಟು ಜನ ಸಾಕ್ಷಿ ಒದಗಿಸಲು ದೆವ್ವದ ಹೊರತು ಇನ್ನಾರಿಂದ ಆಗುತ್ತಿತ್ತು?

ಇನ್ನೊಂದು ಸಂಗತಿ ಕೇಳು. ಡಿಕನ್ಸ್ ಬೇರೊಂದು ಕಥೆಗೆ ಗ್ಯಾಸ್ಕೆಲ್‌ಳಿಗೆ 20 ಪೌಂಡು ಕಳಿಸಿದಾಗ ಗಂಡ ಅದನ್ನು ಸಾವಕಾಶವಾಗಿ ತನ್ನ ಜೇಬಿಗಿಳಿಸಿದ; ಇದನ್ನು ಅವಳೇ ಕಾಗದದಲ್ಲಿ ಬರೆದಿದ್ದಾಳೆ. ಹೆಂಡತಿಯ ದುಡಿಮೆ ಗಂಡನ ಸ್ವತ್ತು ಅನ್ನುತ್ತಿತ್ತು ಆಗಿನ ಕಾನೂನು. ಆತ ಕೆಟ್ಟವನೇನಲ್ಲ ಬಿಡು. ಆದರೂ 1865ರಲ್ಲಿ ಅವಳು ಗಂಡನಿಗೆ ತಿಳಿಯದಂತೆ ಹ್ಯಾಂಪ್‌ಶೈರಿನಲ್ಲಿ ಒಂದು ಮನೆ ಕೊಂಡಳು. ಅವನಿಗೊಂದು ಅಚ್ಚರಿ ಕೊಡಬೇಕೆಂದಿದ್ದಳು. ಅದೇ ನವೆಂಬರಿನಲ್ಲಿ ಆ ಮನೆಯಲ್ಲೇ ತೀರಿಕೊಂಡಳು.

ಎರಡನೆಯವಳು ಐರ್ಲೆಂಡಿನ ಷಾರ್ಲಟ್ ರಿಡೆಲ್. ಗಂಡ 1871ರಲ್ಲಿ ದಿವಾಳಿಯೆದ್ದ. ಅವನ ಸಾಲವನ್ನು ಇವಳು ಬರೆದು ಬರೆದು ತೀರಿಸಿದಳು. 1901ರಲ್ಲಿ ಲೇಖಕರ ಸಂಘ ಮೊತ್ತಮೊದಲ ಪಿಂಚಣಿ ಕೊಟ್ಟದ್ದು ಇವಳಿಗೇ. ಇಂಥವಳ ದೆವ್ವಕ್ಕೆ ಲೆಕ್ಕ ಗೊತ್ತಿರದೆ ಇರುತ್ತದೆಯೇ? 1875ರ "ದಿ ಅನ್‌ಇನ್‌ಹ್ಯಾಬಿಟೆಡ್ ಹೌಸ್" ಕಾದಂಬರಿಯನ್ನು ಹೇಳುವವನು ವಕೀಲರ ಆಫೀಸಿನ ಗುಮಾಸ್ತ. ಥೇಮ್ಸ್ ದಡದ ಮನೆಗೆ ಬಾಡಿಗೆಗೆ ಬಂದವರೆಲ್ಲ ಅವಧಿಗೆ ಮುಂಚೆಯೇ ಗಂಟುಮೂಟೆ ಕಟ್ಟುತ್ತಾರೆ. ಅಲ್ಲಿ ಸತ್ತವನು ಲೇವಾದೇವಿಗಾರ. ಆತ್ಮಹತ್ಯೆ ಅಂತ ಜನ ನಂಬಿದ್ದಾರೆ, ನಿಜದಲ್ಲಿ ಸಾಲಗಾರನೊಬ್ಬ ಕೊಂದಿದ್ದಾನೆ. ಗ್ಯಾಸ್ಕೆಲ್‌ಳ ದೆವ್ವವನ್ನು ಕಂಡರೆ ಕಣ್ಣೀರು ಬರುತ್ತದೆ. ರಿಡೆಲ್‌ಳದ್ದು ಬಡಪಾಯಿಯೂ ಅಲ್ಲ, ಸಾಧುವೂ ಅಲ್ಲ, ಬಡ್ಡಿ ತಿಂದವನು. ಅವನಿಗೂ ಒಂದು ನ್ಯಾಯ ಬಾಕಿಯಿದೆ ಅನ್ನುವುದರಲ್ಲಿ ಅವಳ ಗಟ್ಟಿತನವಿದೆ. ಗುಮಾಸ್ತನ ಪ್ರೇಮಪ್ರಸಂಗ ಮಾತ್ರ ಸಪ್ಪೆ, ಹಾರಿಸಿಕೊಂಡು ಓದು.

ಆ ಪುಸ್ತಕ ಅಮ್ಮನ ಕೈಲಿ ಕಳಿಸುತ್ತಿದ್ದೇನೆ. ಕರ್ನಲ್ ಒಬ್ಬ ಅವಧಿ ಮುಗಿಯುವ ಮೊದಲೇ ಮನೆ ಬಿಟ್ಟು, ಉಳಿದ ಬಾಡಿಗೆ ಕೊಡುವುದಿಲ್ಲ ಅನ್ನುತ್ತಾನೆ. ಮನೆ ಮಾಲೀಕರು ದಾವೆ ಹೂಡುತ್ತಾರೆ. ಕೋರ್ಟಿನಲ್ಲಿ ಏನಾಯಿತು ಅಂತ ಈಗ ಹೇಳುವುದಿಲ್ಲ. ಆ ಅಧ್ಯಾಯಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟು ನಿನ್ನ ಅಭಿಪ್ರಾಯ ಬರೆದು ಕಳಿಸು: ದೆವ್ವವಿದೆ ಅಂತ ಮೊದಲೇ ತಿಳಿಸದ ಮಾಲೀಕರಿಗೆ ಬಾಡಿಗೆ ಬಾಕಿ ಕೇಳುವ ಹಕ್ಕಿದೆಯೋ ಇಲ್ಲವೋ? ಚಿಕ್ಕಪ್ಪ ಕರ್ನಲ್ಲನ ಪಕ್ಷ ಹಿಡಿಯುತ್ತಾರೆ ಅಂತ ನನ್ನ ಲೆಕ್ಕ.

ಇಂತಿ,
ನಿನ್ನ ಮಗಳು