ಹಾಲೆಯ ಬದಲು ಕಾಸರಕ

ಆ ವರ್ಷ ಆಟಿಯ ಮಳೆ ಹೇಗೆ ಹಿಡಿದಿತ್ತೆಂದರೆ ಗದ್ದೆ ಯಾವುದು, ತೋಡು ಯಾವುದು ಗೊತ್ತಾಗುತ್ತಿರಲಿಲ್ಲ. ನಮ್ಮ ಕೆಳಮನೆಯ ಅಣ್ಣ ಮುಂಬಯಿಯ ಹೋಟೆಲು ಕೆಲಸ ಬಿಟ್ಟು ಊರಿಗೆ ಬಂದದ್ದು ಅದೇ ವರ್ಷದ ಬೇಸಿಗೆಯಲ್ಲಿ. ಅವನ ಅಪ್ಪ ತೀರಿಹೋದ ಮೇಲೆ ಬಂದ ಮೊದಲ ಆಟಿ ಅಮಾವಾಸ್ಯೆ. ಹಾಲೆಮರದ ಕೆತ್ತೆ ತರುವ ಕೆಲಸ ಅವನ ಪಾಲಿಗೆ ಬಂತು.

ತುಳುನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಆಟಿ ತಿಂಗಳ ಅಮಾವಾಸ್ಯೆಯ ದಿನ ಕೋಳಿ ಕೂಗುವ ಮೊದಲೇ ಎದ್ದು ಗುಡ್ಡೆಗೆ ಹೋಗಬೇಕು. ಹಾಲೆಮರಕ್ಕೆ, ಅಂದರೆ ಸಪ್ತಪರ್ಣಕ್ಕೆ, ಕತ್ತಿ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತೊಗಟೆ ಎಬ್ಬಿಸಬೇಕು. ಅಂದು ಆ ಮರದಲ್ಲಿ ಸಾವಿರದೊಂದು ಮದ್ದು ಸೇರಿರುತ್ತದೆ ಎಂದು ನಂಬಿಕೆ. ಹಿಂದೆ ಮೈಮೇಲೆ ಬಟ್ಟೆಯಿಲ್ಲದೆ ಹೋಗುತ್ತಿದ್ದರಂತೆ. ಆ ಮಳೆಗೆ ಬಟ್ಟೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತಂದ ಕೆತ್ತೆಯನ್ನು ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾದ ಬೆಣಚುಕಲ್ಲನ್ನು ಅದಕ್ಕೆ ಹಾಕುತ್ತಾರೆ. ಚುಂಯ್ ಎಂದು ಹಬೆ ಏಳುತ್ತದೆ. ಬರಿಹೊಟ್ಟೆಗೆ ಆ ಕಷಾಯ, ಆಮೇಲೆ ಹೊಟ್ಟೆ ತಂಪಾಗಲು ಮೆಂತೆ ಗಂಜಿ.

ನನ್ನ ಅಜ್ಜ ಒಂದು ಕ್ರಮ ಮಾತ್ರ ತಪ್ಪಿಸುತ್ತಿರಲಿಲ್ಲ. ಹಿಂದಿನ ದಿನ ಹಗಲಲ್ಲೇ ಗುಡ್ಡೆಗೆ ಹೋಗಿ ಮರಕ್ಕೊಂದು ಬಾಳೆನಾರು ಕಟ್ಟಿ ಬರುತ್ತಿದ್ದರು. "ನಾಳೆ ಬರ್ತೇವೆ ಅಂತ ಮರಕ್ಕೆ ಹೇಳಿ ಬರುವುದು" ಎನ್ನುತ್ತಿದ್ದರು. ಮರ್ಯಾದೆಯ ಮಾತು ಅಂತ ನಾವು ತಿಳಿದಿದ್ದೆವು. ಆ ಮಳೆಯಲ್ಲಿ ಎರಡೆರಡು ಸಲ ಗುಡ್ಡೆ ಹತ್ತುವುದು ಕೆಳಮನೆಯ ಅಣ್ಣನಿಗೆ ದಂಡವೆನಿಸಿರಬೇಕು. ಕತ್ತಲಲ್ಲಿ ಟಾರ್ಚು ಹಿಡಿದು ಹೋದ, ಕೈಗೆ ಸಿಕ್ಕಿದ ಬೂದು ತೊಗಟೆಯ ಮರವನ್ನು ಜಜ್ಜಿದ, ತಂದ.

ಅವನಮ್ಮ ಒಂದು ಗುಟುಕು ಬಾಯಿಗೆ ಹಾಕಿದವರೇ ಅಂಗಳಕ್ಕೆ ಉಗಿದರಂತೆ. "ಇದು ನಮ್ಮ ಕಷಾಯದ ಕಹಿ ಅಲ್ಲ ಮಗಾ."

"ಕಹಿಯಲ್ಲಿ ಎಂತ ಜಾತಿ ಅಮ್ಮಾ" ಎಂದು ಅವನು ಲೋಟ ಖಾಲಿ ಮಾಡಿದ.

ಅರ್ಧ ಗಂಟೆ ಕಳೆಯುವುದರೊಳಗೆ ಆಯಮ್ಮ ನಮ್ಮ ಅಂಗಳದಲ್ಲಿ ನಿಂತು ಕೂಗುತ್ತಿದ್ದರು. ನಾವು ಓಡಿಹೋದಾಗ ಅವನು ಚಾವಡಿಯಲ್ಲಿ ಬಿದ್ದಿದ್ದ. ದವಡೆ ಕಚ್ಚಿಕೊಂಡಿತ್ತು. ತಲೆ, ಹಿಮ್ಮಡಿ ಎರಡೇ ನೆಲಕ್ಕೆ ತಾಗಿ ಬೆನ್ನು ಮೇಲಕ್ಕೆ ಬಾಗಿತ್ತು. ಮುಖ ಬಿಗಿದು ನಕ್ಕ ಹಾಗೆ ಕಾಣುತ್ತಿತ್ತು. ಅಂಥ ನಗೆಯನ್ನು ನಾನು ಮತ್ತೆಂದೂ ನೋಡಿಲ್ಲ, ನೋಡುವುದೂ ಬೇಡ. ಯಾರಾದರೂ ಅವನ ಹೆಸರು ಹಿಡಿದು ಜೋರಾಗಿ ಕರೆದರೆ ಸಾಕು, ಮೈ ಮತ್ತೆ ಸೆಟೆಯುತ್ತಿತ್ತು. ಅಜ್ಜ ಉಳಿದ ಕೆತ್ತೆಯನ್ನು ಎತ್ತಿ ಉಗುರಿನಿಂದ ಕೆರೆದು ನೋಡಿದರು. ಹಾಲೆಯಾದರೆ ಹಸಿ ತೊಗಟೆಯಲ್ಲಿ ಬಿಳಿ ಹಾಲು ಒಸರಬೇಕು. ಇಲ್ಲಿ ಒಂದು ಹನಿ ಇಲ್ಲ. "ಕಾಸರಕ" ಎಂದರು. ಕೆತ್ತೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರೂ ಬಾಯಿ ಬಿಡಬೇಡಿ ಎಂದು ಕೈಸನ್ನೆ ಮಾಡಿ ಜೀಪು ತರಿಸಿದರು.

ಪೇಟೆಯ ಆಸ್ಪತ್ರೆಯ ಡಾಕ್ಟ್ರು ಮೊದಲು ಕೇಳಿದ್ದೇ "ಕುಡಿದದ್ದು ಉಳಿದಿದೆಯಾ?" ಅಂತ. ಅಜ್ಜ ಕೆತ್ತೆ ಕೊಟ್ಟರು. ಕಿಟಕಿ ಮುಚ್ಚಿ ಕೋಣೆ ಕತ್ತಲು ಮಾಡಿ, ಡಯಾಜೆಪಾಮ್ ಚುಚ್ಚಿ, ಆಕ್ಸಿಜನ್ ಇಟ್ಟು, ಮುಟ್ಟುವುದನ್ನೂ ಮಾತನ್ನೂ ಆದಷ್ಟು ಕಡಿಮೆ ಮಾಡಿದರು. ಸಂಜೆಯ ಹೊತ್ತಿಗೆ ಸೆಟೆತ ಬಿಟ್ಟಿತು.

ಆಮೇಲೆ ಜಗಲಿಯಲ್ಲಿ ನಿಂತು ಡಾಕ್ಟ್ರು ಅಜ್ಜನಿಗೆ ಬಿಡಿಸಿ ಹೇಳಿದರು. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ಎರಡು ಆಲ್ಕಲಾಯ್ಡ್. ಸ್ನಾಯು ಬಿಗಿಯಾದಾಗ ಅದನ್ನು ಸಡಿಲಿಸುವ ಸೂಚನೆ ಬೆನ್ನುಹುರಿಯಲ್ಲಿ ಗ್ಲೈಸಿನ್ ಮೂಲಕ ಹೋಗುತ್ತದೆ. ಗ್ಲೈಸಿನ್ ಕೂರಬೇಕಾದ ಜಾಗದಲ್ಲಿ ಸ್ಟ್ರಿಕ್ನಿನ್ ಹೋಗಿ ಕೂರುತ್ತದೆ. ಆಮೇಲೆ ಮೈ ಬ್ರೇಕಿಲ್ಲದ ಜೀಪು. ಸಣ್ಣ ಸದ್ದು, ಬೆಳಕು, ಸ್ಪರ್ಶಕ್ಕೂ ಇಡೀ ಮೈ ಸೆಟೆಯುತ್ತದೆ, ಉಸಿರಾಟದ ಸ್ನಾಯುವೂ ಸೆಟೆದರೆ ಮುಗಿಯಿತು. ಇದಕ್ಕೆ ಪ್ರತಿವಿಷ ಅಂತ ಇಲ್ಲ. ತೊಗಟೆಯಲ್ಲಿ ಬೀಜದಷ್ಟು ಸ್ಟ್ರಿಕ್ನಿನ್ ಇಲ್ಲದೆ ಬ್ರೂಸಿನ್ನೇ ಹೆಚ್ಚಿದ್ದದ್ದು ಅವನ ಪುಣ್ಯ. ಬ್ರೂಸಿನ್ನಿಗೆ ಅಷ್ಟು ಜೋರಿಲ್ಲ. ಕಾದ ಕಲ್ಲು ಹಾಕಿದರೆ ವಿಷ ಹೋಗುವುದಿಲ್ಲವೇ ಎಂದು ಅಜ್ಜ ಕೇಳಿದ್ದಕ್ಕೆ, ಆ ಬಿಸಿಗೆಲ್ಲ ಅದು ಜಗ್ಗುವುದಿಲ್ಲ ಎಂದರು.

ಇನ್ನೊಂದು ಸಂಗತಿಯನ್ನು ಡಾಕ್ಟ್ರು ಹೇಳಲಿಲ್ಲ, ಅಣ್ಣನೇ ಹೇಳಿದ. ಆ ವಿಷ ಮೆದುಳಿಗೆ ಮಂಕು ಕವಿಸುವುದಿಲ್ಲ. ಚಾವಡಿಯಲ್ಲಿ ನಾವು ಅವನ ಸಾವಿನ ಬಗ್ಗೆ ಆಡಿದ ಮಾತೆಲ್ಲ ಅವನಿಗೆ ಕೇಳುತ್ತಿತ್ತು.

ಮುಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವಾಗ ಕೆಳಮನೆಯ ಕಥೆಯೇ ಪುಸ್ತಕದಲ್ಲಿ ಎದುರಾಯಿತು. ದಕ್ಷಿಣ ಅಮೆರಿಕದ ಅಂಗೋಸ್ತುರಾ ಎಂಬ ಕಹಿ ತೊಗಟೆಯನ್ನು ಯುರೋಪಿನವರು ಜ್ವರಕ್ಕೆ ಕುಡಿಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಅದರೊಂದಿಗೆ ಬೇರೆ ತೊಗಟೆ ಬೆರೆತು ಕುಡಿದವರು ಸೆಟೆದು ಬಿದ್ದರು. ಬೆರೆತದ್ದು ಕಾಸರಕ! ಆ ಸುಳ್ಳು ತೊಗಟೆಯಿಂದಲೇ ಪ್ಯಾರಿಸಿನ ಪೆಲ್ತಿಯೆ ಮತ್ತು ಕಾವಾಂತು 1819ರಲ್ಲಿ ಬ್ರೂಸಿನ್ ಬೇರ್ಪಡಿಸಿದರು. ಹಿಂದಿನ ವರ್ಷ ಸ್ಟ್ರಿಕ್ನಿನ್ ತೆಗೆದವರೂ ಅವರೇ, ಮರುವರ್ಷ 1820ರಲ್ಲಿ ಸಿಂಕೋನ ತೊಗಟೆಯಿಂದ ಕ್ವಿನೈನ್ ತೆಗೆದು ಮಲೇರಿಯಾಕ್ಕೆ ಮದ್ದು ಕೊಟ್ಟವರೂ ಅವರೇ. ಬೆನ್ನುಬೆನ್ನಿಗೆ ಮೂರು ವರ್ಷದಲ್ಲಿ ಎರಡು ವಿಷ, ಒಂದು ಸಂಜೀವಿನಿ, ಮೂರೂ ಕಹಿ. ಆಲ್ಕಲಾಯ್ಡ್‌ಗಳು ಹೆಚ್ಚಾಗಿ ಕಹಿಯೇ. ಮೇಯಲು ಬರುವ ಬಾಯಿಯನ್ನು ದೂರ ಇಡಲು ಗಿಡ ಮಾಡಿಕೊಂಡ ಉಪಾಯ ಅದು.

ನಮ್ಮ ಹಾಲೆಯಲ್ಲೂ ಎಕಿಟಮಿನ್ ಮೊದಲಾದ ಆಲ್ಕಲಾಯ್ಡ್‌ಗಳಿವೆ. ಅದನ್ನೂ ಕ್ವಿನೈನಿನ ಬದಲಿಗೆ ಮಲೇರಿಯಾಕ್ಕೆ ಕೊಟ್ಟು ನೋಡಿದ್ದರು, ಆದರೆ ಪರೀಕ್ಷೆಗಳಲ್ಲಿ ಅದು ಕ್ವಿನೈನಿಗೆ ಸಮನಾಗಲಿಲ್ಲ. ಸಾವಿರದೊಂದು ಮದ್ದಿನ ಲೆಕ್ಕ ನನಗಂತೂ ಸಿಕ್ಕಿಲ್ಲ; ಕಷಾಯ ಮಾತ್ರ ಬಿಟ್ಟಿಲ್ಲ.

ಅಣ್ಣ ಆಸ್ಪತ್ರೆಯಿಂದ ಬಂದ ವಾರವೇ ನಾಲ್ಕು ಜನ ಕೊಡಲಿ ಹಿಡಿದು ಕಾಸರಕದ ಮರ ಕಡಿಯಲು ಹೊರಟರು. ಅಜ್ಜ ದಣಪೆಯ ಹತ್ತಿರ ತಡೆದರು. "ಅದು ನಿಮ್ಮ ಮನೆಗೆ ನಡೆದುಕೊಂಡು ಬಂದದ್ದಾ?" ವೈದ್ಯರು ಅದೇ ಕಾಸರಕದ ಬೀಜವನ್ನು ಗೋಮೂತ್ರದಲ್ಲಿ ನೆನೆಸಿ, ಹಾಲಿನಲ್ಲಿ ಬೇಯಿಸಿ, ತುಪ್ಪದಲ್ಲಿ ಹುರಿದು ಶುದ್ಧಿ ಮಾಡಿ ವಾತಕ್ಕೆ ಚಿಟಿಕೆಯಷ್ಟು ಕೊಡುವುದನ್ನು ಅವರು ಕಂಡಿದ್ದರು. ಮರ ಉಳಿಯಿತು.

ಮರುವರ್ಷ ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನ ಅಣ್ಣ ಕೊಡೆ ಹಿಡಿದು ಬಂದು ಅಜ್ಜನನ್ನು ಗುಡ್ಡೆಗೆ ಕರೆದೊಯ್ದ. ಹಾಲೆಮರಕ್ಕೆ ಬಾಳೆನಾರು ಸಾಲದೆಂದು ಕೆಂಪು ಪ್ಲಾಸ್ಟಿಕ್ ಹಗ್ಗ ಮೂರು ಸುತ್ತು ಕಟ್ಟಿದ. ಬೆಳಿಗ್ಗೆ ಕೆತ್ತೆ ತಂದವನೂ ಅವನೇ. ಕಷಾಯವನ್ನು ಮನೆಯವರೆಲ್ಲ ಕುಡಿದರು. ಅವನು ಮೆಂತೆ ಗಂಜಿಯನ್ನೇ ಎರಡು ಬಟ್ಟಲು ಹಾಕಿಸಿಕೊಂಡ.