ಸೊಟ್ಟ ತೆಗೆಯುವ ಕೈ

ಲಾರಿಯ ಆಕ್ಸಲ್ ಎಂದರೆ ಮೈಸೂರಿನವರಿಗೆ ಹೂಟಗಳ್ಳಿ ನೆನಪಾಗುತ್ತದೆ. ಆಟೋಮೋಟಿವ್ ಆಕ್ಸಲ್ಸ್ ಇರುವುದು ಇಲ್ಲಿಯೇ. ನನ್ನ ಪಿಎಚ್.ಡಿ. ಕೆಲಸ ಮಾತ್ರ ಅದೇ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್ಡಿನಲ್ಲಿ ನಡೆಯುತ್ತದೆ. ಉಕ್ಕಿನ ಸರಳುಗಳನ್ನು ಸುಮಾರು 850 ಡಿಗ್ರಿಗೆ ಕಾಯಿಸಿ, ನೀರಿನಲ್ಲಿ ಥಟ್ಟನೆ ತಣಿಸಿ ಗಟ್ಟಿ ಮಾಡುವುದು ಅಲ್ಲಿಯ ಕಸುಬು. ಗಟ್ಟಿಯೇನೋ ಆಗುತ್ತವೆ, ಜೊತೆಗೆ ಸೊಟ್ಟವೂ ಆಗುತ್ತವೆ. ಆ ಸೊಟ್ಟ ಕಡಿಮೆ ಮಾಡುವುದು ಹೇಗೆಂಬುದೇ ನನ್ನ ಸಂಶೋಧನೆ.

ಚೆನ್ನಾಗಿ ಕಾದ ದೋಸೆ ಕಾವಲಿಯ ಮೇಲೆ ನೀರು ಚಿಮುಕಿಸಿದರೆ ಹನಿ ಕೂಡಲೇ ಆರದೆ ಕುಣಿದಾಡುತ್ತದಲ್ಲ, ಸರಳನ್ನು ತೊಟ್ಟಿಗೆ ಇಳಿಸಿದಾಗಲೂ ಅದೇ ಆಟ. ಸುತ್ತ ಆವಿಯ ಪೊರೆ ಕಟ್ಟಿಕೊಂಡು ನೀರನ್ನು ದೂರ ಇಡುತ್ತದೆ. ಜರ್ಮನಿಯ ಲೈಡೆನ್‌ಫ್ರಾಸ್ಟ್ 1756ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಈ ಪೊರೆ ಎಲ್ಲ ಕಡೆ ಒಟ್ಟಿಗೆ ಹರಿಯುವುದಿಲ್ಲ. ಮೊದಲು ಹರಿದ ಬದಿ ಬೇಗ ತಣಿದು ಕುಗ್ಗುತ್ತದೆ, ಗಟ್ಟಿ ರಚನೆಗೆ ತಿರುಗುವಾಗ ಹಿಗ್ಗುತ್ತದೆ. ಇನ್ನೊಂದು ಬದಿ ಹಿಂದೆ ಉಳಿದಿರುತ್ತದೆ. ಈ ಎಳೆದಾಟದಲ್ಲಿ ಸರಳು ಬಾಗುತ್ತದೆ. ತೊಟ್ಟಿಯ ಬದಲು, ಸುತ್ತಲೂ ನಳಿಕೆಗಳಿರುವ ಬಳೆಯೊಳಗೆ ಹಾಯಿಸಿದರೆ ರಭಸದ ನೀರು ಪೊರೆಯನ್ನು ಎಲ್ಲ ಕಡೆ ಒಂದೇ ಸಮನೆ ಒಡೆಯುತ್ತದೆ.

ಶೆಡ್ಡಿನಲ್ಲಿ ಸರಳನ್ನು ಪ್ರೆಸ್ಸಿಗೆ ಕೊಟ್ಟು ಸೊಟ್ಟ ತೆಗೆಯುವ ಹಿರಿಯರೊಬ್ಬರಿದ್ದಾರೆ. ಡಯಲ್ ಗೇಜ್ ಮುಟ್ಟುವ ಮೊದಲೇ, ಸರಳನ್ನು ಬೆಳಕಿಗೆ ಹಿಡಿದು ಎಲ್ಲಿ ಒತ್ತಬೇಕೆಂದು ಹೇಳುತ್ತಾರೆ. ಕೂಲಿ ಪೀಸ್ ಲೆಕ್ಕ. "ನಿಮ್ ಕೆಲ್ಸ ಪಾಸಾದ್ರೆ ನನ್ಗೆ ರಜ, ಅಲ್ವಾ ಮೇಡಂ?" ಎಂದು ಒಂದು ದಿನ ನಗುತ್ತಲೇ ಕೇಳಿದರು. "ಹಾಗೇನಿಲ್ಲ ಅಣ್ಣ" ಎನ್ನಲು ನನಗೆ ಬಾಯಿ ಬರಲಿಲ್ಲ.

ಬಳೆ ಕೂರಿಸಿದ ಮೇಲೆ ಸೊಟ್ಟ ಇಳಿಯಿತು. ಕೆಲವು ವಾರಗಳಲ್ಲಿ ಮತ್ತೆ ಏರತೊಡಗಿತು. ಆಗ ಅವರೇ, ಹೊರಬರುವ ಪ್ರತಿ ಸರಳಿನ ಮೇಲ್ಬದಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದರು. "ತೊಟ್ಟೀಲಿ ದಿಕ್ಕಿಗೊಂದು ಬಗ್ತಿದ್ವು. ಈಗ ಎಲ್ಲಾ ಒಂದೇ ಕಡೆಗೆ. ಬಳೇಲಿ ಒಂದ್ಕಡೆ ನೀರು ಸರಿಯಾಗಿ ಬತ್ತಿಲ್ಲ, ನೋಡಿ." ಬಿಚ್ಚಿದರೆ ಎರಡು ನಳಿಕೆಗಳಲ್ಲಿ ಕಿಟ್ಟ ಕಟ್ಟಿತ್ತು.

ಸೊಟ್ಟ ತೆಗೆಯುವ ಹಂತವನ್ನೇ ಕೈಬಿಡಬಹುದೆಂದು ಬರೆದರೆ ಪ್ರಬಂಧಕ್ಕೆ ತೂಕ ಬರುತ್ತದೆ. ನಾನು ಬೇರೆ ಬರೆದೆ: ನಳಿಕೆಯ ಆರೋಗ್ಯ ಹೇಳುವುದು ಸರಳಿನ ಬಾಗು, ಅದನ್ನು ಓದಬಲ್ಲವರು ಬಳೆಯ ಪಕ್ಕ ಬೇಕು, ಪೀಸ್ ಲೆಕ್ಕದಲ್ಲಲ್ಲ, ದಿನಗೂಲಿಯಲ್ಲಾದರೂ. ವರದಿ ಓದಿದ ಮಾಲೀಕರು "ನೋಡೋಣ" ಎಂದಿದ್ದಾರೆ.

ಈ ವಾರ ಪ್ರೆಸ್ಸಿನ ಬಳಿ ಬಂದ ಸರಳುಗಳು ಕಡಿಮೆ.