ಅಳಿಯನ ಪ್ರಶ್ನೆಗಳು

ಪ್ರವಾಸಿಗರನ್ನು ಕೊಂಡೊಯ್ಯುವ ದೊಡ್ಡ ಹಡಗೊಂದರ ಊಟದ ಹಾಲ್‌ನಲ್ಲಿ ನನ್ನ ತಂಗಿಯ ಮಗನಿಗೆ ಕೆಲಸ ಸಿಕ್ಕಿದ್ದು ೨೦೨೩ರ ಮಳೆಗಾಲದಲ್ಲಿ. ಮೊದಲು ತರಬೇತಿ, ಆಮೇಲೆ ಪರೀಕ್ಷೆ. ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಪ್ರಶ್ನೆಗಳು ವೈನ್, ವಿಸ್ಕಿ, ಬ್ರಾಂದಿಗಳದ್ದೇ ಎಂದು ಅವನಿಗೆ ಯಾರೋ ಹೇಳಿದ್ದರು. ಹುಡುಗ ಅದುವರೆಗೆ ಒಂದು ತೊಟ್ಟು ಬಾಯಿಗೆ ಹಾಕಿದವನಲ್ಲ. ಒಂದು ಸಂಜೆ ನೂರು ಪುಟದ ನೋಟುಪುಸ್ತಕ ಹಿಡಿದುಕೊಂಡು ನಮ್ಮ ಚಾವಡಿಗೆ ಬಂದು ಕುಳಿತ.

"ಮಾವ, ನೀವು ಮೂವತ್ತೆಂಟು ವರ್ಷ ಇದನ್ನೇ ಮಾಡಿದವರಲ್ವಾ? ಶುರುವಿಂದ ಹೇಳಿ" ಎಂದ.

ನಿಜ. ೧೯೭೪ರಲ್ಲಿ ಬೊಂಬಾಯಿಯ ಒಂದು ಹೋಟೆಲಿನಲ್ಲಿ ತಟ್ಟೆ ತೆಗೆಯುವವನಾಗಿ ಸೇರಿ, ಮೇಜಿಗೆ ಬಡಿಸುವವನಾಗಿ, ಕೊನೆಗೆ ವೈನ್ ನೋಡಿಕೊಳ್ಳುವವನಾಗಿ, ೧೯೮೬ರಿಂದ ಬಹ್ರೈನಿನಲ್ಲಿ ಅದೇ ಕೆಲಸ ಮಾಡಿ, ೨೦೧೨ರಲ್ಲಿ ಊರಿಗೆ ಮರಳಿದವನು ನಾನು. ಆದರೆ ಈ ಚಾವಡಿಯಲ್ಲಿ ಆ ಕಸುಬಿನ ಮಾತೆತ್ತಿದವನಲ್ಲ. ತಂಗಿಯ ಮನೆಯೂ ನನ್ನ ಮನೆಯೂ ಒಂದೇ ಹಿತ್ತಿಲಲ್ಲಿವೆ. ಭಾವ ೨೦೦೯ರಲ್ಲಿ ಲಿವರ್ ಕೆಟ್ಟು ತೀರಿಕೊಂಡರು. ಆಗ ಅಳಿಯನಿಗೆ ಹತ್ತು ವರ್ಷ. ಅಂದಿನಿಂದ ತಂಗಿ ಎರಡು ಮನೆಗೂ ಬಾಟ್ಲಿ ಬರಲು ಬಿಟ್ಟಿಲ್ಲ; ಕ್ರಿಸ್‌ಮಸ್‌ಗೆ ನೆರೆಯವರು ಕೊಟ್ಟ ದ್ರಾಕ್ಷಿರಸವನ್ನೂ ಮೂಸಿ ನೋಡಿಯೇ ಒಳಗಿಟ್ಟವಳು. ಹುಡುಗನ ಪುಸ್ತಕ ನೋಡಿ ಅವಳು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ಅಣ್ಣಾ, ಬಡಿಸಲಿಕ್ಕೆ ಕಲಿಸು. ಕುಡಿಯಲಿಕ್ಕೆ ಬೇಡ."

ಹಾಗಾಗಿ ನಮ್ಮ ಪಾಠವೆಲ್ಲ ಚಹಾದ ಕಣ್ಣು, ಪುನರ್ಪುಳಿ ಶರಬತ್ತು, ಬಾವಿಯ ನೀರು ಇವುಗಳಲ್ಲೇ ನಡೆಯಿತು. ಗಲ್ಫಿಗೋ ಹಡಗಿಗೋ ಮಕ್ಕಳನ್ನು ಕಳಿಸಿದ ಮನೆಗಳು ನಮ್ಮ ಗಡಿಯ ಕನ್ನಡಿಗರಲ್ಲಿ ಕಡಿಮೆಯೇನಿಲ್ಲ. ಅವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಅಳಿಯನ ಮೊದಲ ಪ್ರಶ್ನೆ: ವೈನ್, ಬಿಯರ್, ವಿಸ್ಕಿ ಇವಕ್ಕೆಲ್ಲ ವ್ಯತ್ಯಾಸವೇನು? ಬೊಂಬಾಯಿಯಲ್ಲಿ ಬಾಯಿಪಾಠ ಮಾಡಿದ ಉತ್ತರ ನಾಲಗೆಗೆ ಬಂತು. ಆದರೆ ಅದಕ್ಕಿಂತ ಸುಲಭದ ಉತ್ತರ ನಮ್ಮ ಹಿತ್ತಿಲಲ್ಲೇ ಇತ್ತು. ನಿನ್ನ ಅಜ್ಜ ತೆಂಗಿನ ಮರದಿಂದ ಇಳಿಸುತ್ತಿದ್ದ ಕಳ್ಳು ಉಂಟಲ್ಲ, ವೈನು ಅದರ ಜಾತಿಯದ್ದೇ ಎಂದೆ. ಸಿಹಿ ರಸ ತನ್ನಷ್ಟಕ್ಕೆ ಹುಳಿತು ಆದದ್ದು. ದ್ರಾಕ್ಷಿಯ ರಸ ಹುಳಿತರೆ ವೈನ್, ಮೊಳಕೆ ಬರಿಸಿದ ಬಾರ್ಲಿಯ ರಸ ಹುಳಿತರೆ ಬಿಯರ್. ಹುಳಿತದ್ದನ್ನು ಹಂಡೆಗೆ ಹಾಕಿ ಕಾಯಿಸಿ, ಆವಿಯನ್ನು ತಣಿಸಿ ಇಳಿಸಿದರೆ ಅದು ಬೇರೆಯೇ ಜಾತಿ. ಮದ್ಯಸಾರ ೭೮ ಡಿಗ್ರಿಗೆ ಕುದಿಯುತ್ತದೆ, ನೀರು ೧೦೦ಕ್ಕೆ; ಭಟ್ಟಿಯ ಗುಟ್ಟು ಅಷ್ಟೆ. ವೈನನ್ನು ಭಟ್ಟಿ ಇಳಿಸಿದರೆ ಬ್ರಾಂದಿ, ಧಾನ್ಯದ್ದಾದರೆ ವಿಸ್ಕಿ, ಕಬ್ಬಿನದ್ದಾದರೆ ರಮ್ಮು, ಗೇರುಹಣ್ಣಿನದ್ದಾದರೆ ಗೋವಾದ ಫೆನಿ. ಸ್ಕಾಚ್ ಎನ್ನಬೇಕಾದರೆ ಸ್ಕಾಟ್ಲೆಂಡಿನಲ್ಲಿ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಇದ್ದಿರಬೇಕು. ನಮ್ಮಲ್ಲಿ ವಿಸ್ಕಿ ಎಂದು ಮಾರುವ ಅಗ್ಗದ ಮಾಲಿನಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯ ಸಾರವೇ ಎಂದು ಹೇಳಿದಾಗ ಅಳಿಯನಿಗೆ ಆಶ್ಚರ್ಯ.

ಇಷ್ಟು ಹೇಳುವಾಗ ನನ್ನ ಬಾಯಲ್ಲಿ ಅಪ್ಪನ ಹೆಸರು ಬಂದದ್ದು ನನಗೇ ಹೊಸದು. ಅಪ್ಪ ಮೂರ್ತೆಯವರು. ನಾಲ್ಕನೆಯ ತರಗತಿಯಲ್ಲಿ ಮೇಷ್ಟ್ರು ಒಬ್ಬೊಬ್ಬರನ್ನೇ ನಿಲ್ಲಿಸಿ ತಂದೆಯ ಉದ್ಯೋಗ ಬರೆದುಕೊಳ್ಳುತ್ತಿದ್ದಾಗ ನಾನು "ಕೃಷಿ" ಎಂದಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ನಕ್ಕ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಮೂರು ಭಾಷೆಯಲ್ಲೂ ಆ ಕಸುಬಿಗೆ ಹೆಸರಿತ್ತು, ನನಗೆ ಮೂರೂ ಬೇಡವಾಗಿತ್ತು. ಬೊಂಬಾಯಿಯ ಹೋಟೆಲಿನಲ್ಲಿ "ಮದ್ಯದ ವಿಷಯ ಏನಾದರೂ ಗೊತ್ತೋ?" ಎಂದು ಕೇಳಿದಾಗಲೂ ಇಲ್ಲವೆಂದೆ. ಹುಟ್ಟಿದ ಮನೆಯ ಮೂಲೆಯಲ್ಲಿ ದಿನಾ ಎರಡು ಹೊತ್ತು ಕಳ್ಳಿನ ಮಡಕೆ ನೊರೆಯುಕ್ಕುತ್ತಿದ್ದುದನ್ನು ನೋಡಿ ಬೆಳೆದವನು!

ಎರಡನೆಯ ದಿನ ಮೂಸುವ ವಿಷಯ. ಗ್ಲಾಸನ್ನು ಮೆಲ್ಲನೆ ತಿರುಗಿಸುವುದು, ಮೂಗಿನ ಬಳಿ ಹಿಡಿಯುವುದು, ಇದೆಲ್ಲ ದೊಡ್ಡಸ್ತಿಕೆಯ ನಾಟಕ ಅಲ್ವಾ ಎಂದು ಅಳಿಯ ಕೇಳಿದ. ನಾಟಕ ಮಾಡುವವರೂ ಇದ್ದಾರೆ, ಬೇಕಾದಷ್ಟು ಜನರನ್ನು ಕಂಡಿದ್ದೇನೆ. ಆದರೆ ವಿಷಯ ಸುಳ್ಳಲ್ಲ. ನಾವು ರುಚಿ ಎನ್ನುವುದರಲ್ಲಿ ಹೆಚ್ಚಿನದ್ದು ಮೂಗಿನದ್ದೇ. ನೆಗಡಿಯಾದಾಗ ಸಾರು ಸಪ್ಪೆಯಾಗುವುದಿಲ್ಲವೇ? ಅಪ್ಪ ಮರದಿಂದ ಇಳಿದವರೇ ಮಡಕೆಯನ್ನು ಹಾಗೆಯೇ ಒಂದು ಸುತ್ತು ತಿರುಗಿಸಿ ಮೂಸುತ್ತಿದ್ದರು. ಯಾವ ಮರದ್ದು, ಮಡಕೆ ಸರಿಯಾಗಿ ತೊಳೆದದ್ದೋ ಇಲ್ಲವೋ, ಎಷ್ಟು ಹೊತ್ತಿನಲ್ಲಿ ಹುಳಿಗೆ ತಿರುಗೀತು, ಎಲ್ಲ ಹೇಳುತ್ತಿದ್ದರು. ಬೊಂಬಾಯಿಯಲ್ಲಿ ಒಬ್ಬ ಬಿಳಿಯ ಮ್ಯಾನೇಜರು ಗ್ಲಾಸು ತಿರುಗಿಸಿ ಮೂಗಿಗೆ ಹಿಡಿದದ್ದನ್ನು ಮೊದಲ ಸಲ ಕಂಡಾಗ ನನಗೆ ನಗು ಬಂದಿತ್ತು. ಲುಂಗಿ ಎತ್ತಿಕಟ್ಟಿ, ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡು ಇದನ್ನೇ ಮಾಡುತ್ತಿದ್ದವರನ್ನು ನಾನು ಶಾಲೆಯ ಪುಸ್ತಕದಿಂದ ಅಳಿಸಿ ಬಂದಿದ್ದೆನಲ್ಲ.

ಕಾರ್ಕು ಕೆಟ್ಟ ವೈನಿಗೆ ಒದ್ದೆ ರಟ್ಟಿನ ವಾಸನೆ ಎಂದು ಪುಸ್ತಕಗಳು ಹೇಳುತ್ತವೆ. ಅಳಿಯನಿಗೆ ನಾನು ಹೇಳಿದ್ದು: ಆಟಿ ತಿಂಗಳಲ್ಲಿ ಅಟ್ಟದ ಮೇಲೆ ಒಣಗದೆ ಬಿದ್ದ ಗೋಣಿಚೀಲ. ಅದಕ್ಕೇ ಬಾಟ್ಲಿ ತೆರೆದೊಡನೆ ತರಿಸಿದವರ ಗ್ಲಾಸಿಗೆ ಒಂದು ಗುಟುಕು ಮಾತ್ರ ಹಾಕಿ ಕಾಯಬೇಕು. ಇಷ್ಟವಾಯಿತೇ ಎಂದು ಕೇಳುವುದಕ್ಕಲ್ಲ, ಕೆಟ್ಟಿಲ್ಲ ತಾನೇ ಎಂದು ತೋರಿಸುವುದಕ್ಕೆ. ಅವರು ತಲೆಯಾಡಿಸಿದ ಮೇಲೆ ಉಳಿದವರಿಗೆ ಹಾಕಿ, ಕೊನೆಗೆ ಅವರಿಗೆ. ಕಾರ್ಕಿನ ಬಾಟ್ಲಿಯನ್ನು ಮಲಗಿಸಿಡಬೇಕು, ಇಲ್ಲವಾದರೆ ಕಾರ್ಕು ಒಣಗಿ ಗಾಳಿ ಹೊಗುತ್ತದೆ. ತಿರುಪು ಮುಚ್ಚಳದ್ದು ನಿಂತಿದ್ದರೂ ಅಡ್ಡಿಯಿಲ್ಲ.

ತೆರೆದದ್ದು ಎಷ್ಟು ದಿನ ಬಾಳುತ್ತದೆ? ಇಲ್ಲಿಯೂ ಅಪ್ಪನೇ ಉತ್ತರ. ಬೆಳಗಿನ ಕಳ್ಳು ಸಿಹಿ, ಸಂಜೆಗೆ ಹುಳಿ, ಬಿಟ್ಟರೆ ವಿನೆಗರು. ಮಲಯಾಳದವರು ಇಳಂಕಳ್ಳು, ಮೂತ್ತಕಳ್ಳು ಎಂದು ಚಂದದ ಎರಡು ಹೆಸರೇ ಇಟ್ಟಿದ್ದಾರೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಹುಳಿಯದೆ ಸಿಹಿಯಾಗಿಯೇ ಉಳಿಯುತ್ತದೆ. ಬೆಲ್ಲ ಕಾಯಿಸುವುದು ಅದನ್ನೇ. ವೈನು ಇಷ್ಟು ಅವಸರದ್ದಲ್ಲ, ಬಾಯಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ತಡೆಯುತ್ತದೆ. ವಿಸ್ಕಿ ತಿಂಗಳುಗಟ್ಟಲೆ ಇರುತ್ತದೆ. ಆದರೆ ಬಾಟ್ಲಿಯೊಳಗೆ ವಿಸ್ಕಿಗೆ ವಯಸ್ಸಾಗುವುದಿಲ್ಲ, ಪೀಪಾಯಿಯಲ್ಲಿ ಆದಷ್ಟೇ. ಮಗಳ ಮದುವೆಗೆಂದು ಇಪ್ಪತ್ತು ವರ್ಷ ಕಪಾಟಿನಲ್ಲಿಟ್ಟ ಬಾಟ್ಲಿ ಇಪ್ಪತ್ತು ವರ್ಷ ಹಳೆಯ ವಿಸ್ಕಿಯಲ್ಲ.

ಬಡಿಸುವುದರಲ್ಲಿ ನನ್ನ ಮೊದಲ ತಪ್ಪು ಹೇಳಿ ಅಳಿಯನನ್ನು ನಗಿಸಿದೆ. ನಮ್ಮ ಊಟದ ಪಂಕ್ತಿಯಲ್ಲಿ ಪಾಯಸವನ್ನು ಅರ್ಧ ಸೌಟು ಹಾಕಿದರೆ ಅವಮಾನ. ಆ ಲೆಕ್ಕದಲ್ಲಿ ನಾನು ಕೆಂಪು ವೈನನ್ನು ಗ್ಲಾಸಿನ ಅಂಚಿನವರೆಗೆ ಹೊಯ್ದೆ. ಮೇಜಿನವರು ಮುಖಮುಖ ನೋಡಿಕೊಂಡರು. ಮೂರನೇ ಒಂದು ಪಾಲು ಸಾಕು; ಉಳಿದ ಜಾಗ ಪರಿಮಳಕ್ಕೆ. ೭೫೦ ಮಿಲಿಯ ಬಾಟ್ಲಿಯಲ್ಲಿ ಐದು ಗ್ಲಾಸು ಲೆಕ್ಕ. ಗ್ಲಾಸಿನ ಕಾಲು ಹಿಡಿಯಬೇಕು, ಹೊಟ್ಟೆ ಹಿಡಿದರೆ ಕೈಯ ಬಿಸಿ ತಾಗುತ್ತದೆ. ಕೆಂಪು ವೈನನ್ನು ಕೋಣೆಯ ಹದದಲ್ಲಿ ಕೊಡಬೇಕು ಎಂಬ ಮಾತನ್ನು ನಂಬಿ ಮೇ ತಿಂಗಳ ಬೊಂಬಾಯಿಯಲ್ಲಿ ಕಪಾಟಿನಿಂದ ನೇರ ತೆಗೆದು ಕೊಟ್ಟು ಬೈಸಿಕೊಂಡವನೂ ನಾನೇ. ಅದು ಯುರೋಪಿನ ತಣ್ಣಗಿನ ಮನೆಗಳ ಕೋಣೆ, ಕುಂಬಳೆಯ ಕೋಣೆಯಲ್ಲ. ಕೆಂಪಿಗೆ ೧೫ರಿಂದ ೧೮ ಡಿಗ್ರಿ, ಬಿಳಿಗೆ ೮ರಿಂದ ೧೨, ಗುಳ್ಳೆಯೇಳುವ ಜಾತಿಗೆ ಇನ್ನೂ ತಂಪು. ವಿಸ್ಕಿಗೆ ಐಸೋ ನೀರೋ ಎಂದರೆ, ಕುಡಿಯುವವರನ್ನು ಕೇಳು, ನೀನೇ ಹಾಕಬೇಡ.

ಯಾವ ಊಟಕ್ಕೆ ಯಾವುದು? ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು ಎಂಬುದು ಅವರ ಅಡುಗೆಯ ಸೂತ್ರ. ನಮ್ಮ ಬಂಗುಡೆ ಪುಳಿಮುಂಚಿಗೆ ಅದು ಸಾಲದು. ಕೆಂಪು ವೈನಿನ ಒಗರು ಮೆಣಸಿನ ಖಾರದ ಜತೆ ಸೇರಿದರೆ ಬಾಯಿ ಉರಿಯುತ್ತದೆ, ಕಹಿಯಾಗುತ್ತದೆ. ಖಾರಕ್ಕೆ ಸ್ವಲ್ಪ ಸಿಹಿಯುಳ್ಳ ತಣ್ಣಗಿನ ಬಿಳಿಯದೇ ಒಳ್ಳೆಯದು. ಒಗರು ಎಂದೊಡನೆ ಅಳಿಯನಿಗೆ ಅರ್ಥವಾಯಿತು. ಬೊಂಬಾಯಿಯಲ್ಲಿ ನಮಗೆ ಕಲಿಸಿದವರು 'ಟ್ಯಾನಿನ್' ಎಂಬುದನ್ನು ವಿವರಿಸಲು ಅರ್ಧ ಗಂಟೆ ಒದ್ದಾಡಿದ್ದರು. ನನ್ನ ಪಕ್ಕದಲ್ಲಿ ಕುಳಿತಿದ್ದ ತಲಶ್ಶೇರಿಯವನು ಮೆಲ್ಲನೆ "ಚವರ್ಪ್ಪ್" ಎಂದ, ನಾನು "ಒಗರು" ಎಂದೆ, ಇಬ್ಬರ ಪಾಠವೂ ಅಲ್ಲಿಗೇ ಮುಗಿಯಿತು. ಎಳೆ ಅಡಕೆ ಜಗಿದವರಿಗೆ, ಗೇರುಹಣ್ಣು ಚೀಪಿದವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಮೂರನೆಯ ಸಂಜೆ ಲೆಕ್ಕ. ಇದನ್ನು ಮಾತ್ರ ನಾನು ಪೆನ್ಸಿಲು ಹಿಡಿದು ಬರೆಯಿಸಿದೆ. "ಬರೀ ಬಿಯರ್ ಅಲ್ವಾ" ಎಂಬ ಮಾತು ಎಷ್ಟು ಮನೆ ಮುಳುಗಿಸಿದೆಯೋ! ೬೫೦ ಮಿಲಿಯ ಬಿಯರಿನಲ್ಲಿ ಶೇಕಡಾ ೫ರಂತೆ ಮದ್ಯಸಾರ ೩೨ ಮಿಲಿ ದಾಟುತ್ತದೆ. ಶೇಕಡಾ ೮ರ ಸ್ಟ್ರಾಂಗ್ ಆದರೆ ೫೨. ನಮ್ಮ ವಿಸ್ಕಿ, ಬ್ರಾಂದಿ ಶೇಕಡಾ ೪೨.೮, ೬೦ ಮಿಲಿಯ ದೊಡ್ಡ ಪೆಗ್ಗಿನಲ್ಲಿ ಸುಮಾರು ೨೬. ಅಂದರೆ ಒಂದು ಸ್ಟ್ರಾಂಗ್ ಬಿಯರು ಎರಡು ದೊಡ್ಡ ಪೆಗ್ಗಿಗೆ ಸಮ. ೧೫೦ ಮಿಲಿ ವೈನಿನಲ್ಲಿ ಶೇಕಡಾ ೧೩ರಂತೆ ೨೦ರ ಹತ್ತಿರ. ದೇಹ ಇದನ್ನು ಕರಗಿಸುವುದು ಗಂಟೆಗೆ ಹತ್ತು ಮಿಲಿಯ ಆಸುಪಾಸು. ಮಜ್ಜಿಗೆ, ಲಿಂಬೆ, ಕಾಫಿ, ತಣ್ಣೀರಿನ ಸ್ನಾನ ಯಾವುದೂ ಇದನ್ನು ಅವಸರಪಡಿಸುವುದಿಲ್ಲ. ಭಾವನ ತಲೆಗೆ ನಾವು ಎಷ್ಟು ಕೊಡ ನೀರು ಹೊಯ್ದಿದ್ದೇವೆ!

ಕಳ್ಳಭಟ್ಟಿಯ ಬಗ್ಗೆ ಅಳಿಯ ಕೇಳಲಿಲ್ಲ, ನಾನೇ ಹೇಳಿದೆ. ಕೇರಳದಲ್ಲಿ ೧೯೯೬ರ ಎಪ್ರಿಲ್ ಒಂದರಿಂದ ಚಾರಾಯ ನಿಂತಿತು, ಕರ್ನಾಟಕದಲ್ಲಿ ೨೦೦೭ರಲ್ಲಿ ಸಾರಾಯಿ ನಿಂತಿತು. ಗುಟ್ಟಾಗಿ ಕಾಯಿಸುವುದು ಎರಡೂ ಕಡೆ ನಿಂತಿಲ್ಲ. ಮಿಥೈಲ್ ಬೆರೆತದ್ದನ್ನು ಯಾವ ಮೂಗೂ ಯಾವ ನಾಲಗೆಯೂ ಹಿಡಿಯಲಾರದು, ಅಪ್ಪನ ಮೂಗಿಗೂ ಆಗುತ್ತಿರಲಿಲ್ಲ. ೧೯೮೨ರ ಓಣಂ ಹೊತ್ತಿಗೆ ವೈಪಿನ್‌ನಲ್ಲಿ ಸತ್ತವರೂ ಕಣ್ಣು ಕಳೆದುಕೊಂಡವರೂ ಕುಡಿದದ್ದು ಅದನ್ನೇ.

"ಹಾಗಾದರೆ ಎಷ್ಟು ಕುಡಿದರೆ ಒಳ್ಳೆಯದು ಮಾವ?" ಎಂದ ಹುಡುಗ. ದಿನಕ್ಕೆ ಒಂದು ಗ್ಲಾಸು ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂದು ನಾನೇ ಎಷ್ಟೋ ಮೇಜುಗಳಲ್ಲಿ ಹೇಳಿದ್ದೇನೆ, ಆಗ ಎಲ್ಲರೂ ಹೇಳುತ್ತಿದ್ದರು. ೨೦೨೩ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯಕ್ಕೆ ಅಪಾಯವಿಲ್ಲದ ಅಳತೆ ಎಂಬುದೇ ಇಲ್ಲ ಎಂದಿತು. ರುಚಿಗೆ ಕುಡಿಯುವವರಿದ್ದಾರೆ, ಅವರ ಸಂತೋಷ ಸುಳ್ಳಲ್ಲ. ಔಷಧಿ ಎಂದು ಮಾತ್ರ ಯಾರಿಗೂ ಬಡಿಸಬೇಡ ಎಂದೆ.

ಆಗ ಒಳಗಿನಿಂದ ತಂಗಿ ಬಂದು ಚಾವಡಿಯ ಮೆಟ್ಟಲಲ್ಲಿ ಕುಳಿತಳು. ಮೂರು ದಿನವೂ ಕೇಳುತ್ತಲೇ ಇದ್ದಳೆಂದು ಕಾಣುತ್ತದೆ. "ಸಾಕು ಎಂದು ಹೇಳುವುದು ಹೇಗೆ? ಅದನ್ನು ನಿಮಗೆ ಕಲಿಸುವುದಿಲ್ವಾ?" ಎಂದಳು.

ಕಲಿಸುತ್ತಾರೆ. ಸ್ವರ ಏರುವುದು, ಹೇಳಿದ್ದನ್ನೇ ಹೇಳುವುದು, ನೋಟು ಎಣಿಸಲಾಗದೆ ತಡವರಿಸುವುದು ಕಂಡೊಡನೆ ಮೊದಲು ಬಡಿಸುವುದನ್ನು ನಿಧಾನ ಮಾಡಬೇಕು. ಕೇಳದೆಯೇ ನೀರು ಇಡಬೇಕು, ತಿನ್ನಲು ಏನಾದರೂ ತರಬೇಕು. ಮೇಲಿನವರಿಗೆ ತಿಳಿಸಬೇಕು. ಹೇಳುವುದಾದರೆ ನಾಲ್ಕು ಜನರೆದುರು ಅಲ್ಲ, ಪಕ್ಕಕ್ಕೆ ಬಾಗಿ, ಮೆಲ್ಲನೆ: ಇವತ್ತಿಗೆ ಇಷ್ಟೇ, ನಾಳೆ ಬನ್ನಿ. ಬೈದರೆ ಬೈಸಿಕೊಳ್ಳಬೇಕು. ಕಾರಿನ ಕೀಲಿ ಕೈಯಲ್ಲಿದ್ದರೆ ಟ್ಯಾಕ್ಸಿ ಕರೆಸಬೇಕು. ಬಹ್ರೈನಿನಲ್ಲಿ ನಾನು ಎಷ್ಟೋ ಸಲ ಮಾಡಿದ್ದೇನೆ.

"ಇವರಿಗೆ ಒಂದು ದಿನವೂ ಯಾರೂ ಹಾಗೆ ಹೇಳಲಿಲ್ಲ" ಎಂದಳು ತಂಗಿ.

ಪ್ರತಿ ರಜೆಗೂ ನಾನು ವಿಮಾನ ನಿಲ್ದಾಣದ ಅಂಗಡಿಯಿಂದ ಎರಡು ಬಾಟ್ಲಿ ತರುತ್ತಿದ್ದೆ. ಎರಡೂ ಭಾವನಿಗೆ. ಅವರು ತೆಂಗಿನ ಕಟ್ಟೆಯ ಬಳಿ ನನಗಾಗಿ ಕಾಯುತ್ತಿದ್ದರು, ಪೆಟ್ಟಿಗೆ ಬಿಚ್ಚುವ ಮೊದಲೇ ಅದು ಕೈ ಬದಲಾಗುತ್ತಿತ್ತು. ೨೦೦೭ರಲ್ಲಿ ಅವರ ಕಣ್ಣು ಹಳದಿಯಾದದ್ದನ್ನು ನೋಡಿಯೂ ತಂದುಕೊಟ್ಟೆ. ಬರಿಗೈಯಲ್ಲಿ ಬಂದರೆ ಬೇಸರ ಮಾಡಿಕೊಂಡಾರು ಎಂದು. ಊರಿಗೆಲ್ಲ ಸಾಕು ಎನ್ನಲು ಗೊತ್ತಿದ್ದವನು ಮನೆಯಲ್ಲಿ ಹೇಳಲಿಲ್ಲ. ತಂಗಿಗೆ ಇದು ಗೊತ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಎತ್ತಿ ಆಡಿದವಳಲ್ಲ. ಅಳಿಯನಿಗೆ ಗೊತ್ತಿರಲಿಲ್ಲ. ಆ ಸಂಜೆ ನಾನೇ ಹೇಳಿದೆ.

ಹುಡುಗ ಬರೆಯುವುದನ್ನು ನಿಲ್ಲಿಸಿ ಪುಸ್ತಕ ಮುಚ್ಚಿದ. ಏನೂ ಅನ್ನಲಿಲ್ಲ. ತಂಗಿ ಶರಬತ್ತಿನ ಗ್ಲಾಸುಗಳನ್ನು ತೆಗೆದುಕೊಂಡು ಒಳಗೆ ಹೋದಳು, ಹಿತ್ತಿಲ ಕಡೆ ತೊಳೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಮರುದಿನ ಸಂಜೆ ಅಳಿಯ ಬರುತ್ತಾನೋ ಇಲ್ಲವೋ ಎಂದು ನಾನು ಚಾವಡಿಯಲ್ಲಿ ಕಾದು ಕುಳಿತೆ. ಆರು ಗಂಟೆಗೆ ಬಂದ. "ಕಾರ್ಕು ತೆಗೆಯುವುದು ಬಾಕಿ ಉಂಟು ಮಾವ" ಎಂದ. ನನ್ನ ಹಳೆಯ ಕಾರ್ಕು ತಿರುಪನ್ನು ಹುಡುಕಿ ಕೊಟ್ಟೆ.

ಪರೀಕ್ಷೆ ಪಾಸಾಯಿತು. ಈಗ ಅವನದು ಎರಡನೆಯ ಕರಾರು. ಹಡಗು ಬಂದರಿಗೆ ಬಂದಾಗ ಫೋನು ಮಾಡುತ್ತಾನೆ, ಈಗಲೂ ಒಂದೆರಡು ಪ್ರಶ್ನೆ ಇರುತ್ತವೆ. ಕಳೆದ ಸಲ, ರಜೆಗೆ ಬರುವಾಗ ಏನು ತರಲಿ ಎಂದು ಕೇಳಿದ. ಅಮ್ಮನಿಗೆ ಒಂದು ಬೆಚ್ಚಗಿನ ಶಾಲು ತಾ, ನನಗೆ ಏನೂ ಬೇಡ ಎಂದೆ.